ಉಜನಿ ಜಲಾಶಯಕ್ಕೆ ಮನೆಗಾಡಿಯ ಪ್ರವಾಸ: ಒಂದು ಪೂರ್ವಸಿದ್ಧತೆ



ನಮ್ಮ ವ್ಯಾಪಾರಸ್ಥ ಮನೆತನಗಳಲ್ಲಿ ಪ್ರವಾಸವೆಂದರೆ ಕ್ಷೇತ್ರದರ್ಶನವೆಂದೇ ಅರ್ಥ. ಕುಂಥಲಗಿರಿ, ದಹಿಗಾಂವ, ಕುಂಭೋಜ ಬಾಹುಬಲಿ, ಶ್ರವಣಬೆಳಗೊಳ. ರೊಕ್ಕ ಮತ್ತು ಪುಣ್ಯ ಎರಡೂ ಕೂಡಿಬಂದರೆ ಸಮ್ಮೇದ ಶಿಖರಜಿ. ಅಲ್ಲಿ ಧರ್ಮಶಾಲೆ ಇರುತ್ತದೆ, ಭೋಜನಶಾಲೆ ಇರುತ್ತದೆ, ಗಾಳಿಸಿದ ನೀರು ಸಿಗುತ್ತದೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಹೊರಡುವವರಿಗೆ ಯಾವ ಚಿಂತೆಯೂ ಇಲ್ಲ. ಆದರೆ ಈ ಡಿಸೆಂಬರದಲ್ಲಿ ನಮ್ಮ ಮನೆಯವರು ಹೊರಟಿರುವುದು ಯಾವ ಕ್ಷೇತ್ರಕ್ಕೂ ಅಲ್ಲ. ಮೀನು ಹಿಡಿಯುವುದಕ್ಕೆ ಹೆಸರಾದ ಒಂದು ಜಲಾಶಯದ ದಂಡೆಗೆ. ಅದೂ ಮಲಗುವ ಹಾಸಿಗೆ, ಅಡಿಗೆಯ ಒಲೆ, ಶೌಚಾಲಯ ಎಲ್ಲವೂ ಒಳಗೇ ಇರುವ ಮನೆಗಾಡಿಯಲ್ಲಿ. ಈ ಸುದ್ದಿ ಕೇಳಿದ ಬಸದಿಯ ಹಿರಿಯರೊಬ್ಬರು, "ಈ ವಯಸ್ಸಿನಾಗ ನಿಮಗೇನು ಬಂತು?" ಎಂದು ನಗುತ್ತಲೇ ಕೇಳಿದರು. ಅವರಿಗೆ ಹೇಳಿದ ಉತ್ತರ ಇತರರಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಕ್ಕಲಕೋಟೆಯಲ್ಲಿ ಹುಟ್ಟಿ, ಅಲ್ಲಿಯೇ ಕನ್ನಡದಲ್ಲಿ ಮ್ಯಾಟ್ರಿಕ್ ಮುಗಿಸಿ, ನಂತರ ಸೋಲಾಪುರದಲ್ಲಿ ಕಿರಾಣಿ ದುಕಾನು ಹಾಕಿದವನು. ನನ್ನ ಹಿರಿಯಕ್ಕನನ್ನು 1965ರಲ್ಲಿ ಇಂದಾಪುರ ತಾಲೂಕಿನ ಕಡೆ, ಭೀಮಾ ನದಿಯ ದಂಡೆಯ ಒಂದು ಹಳ್ಳಿಗೆ ಕೊಟ್ಟರು. ಕನ್ನಡದ ಹುಡುಗಿ ಮರಾಠಿ ಮಾತಾಡುವ ಊರಿಗೆ ಹೋದಳು. ಆಗ ನಾನು ಇನ್ನೂ ಸಣ್ಣವ. ಮುಂದೆ ಪ್ರತಿ ಬೇಸಿಗೆಯ ರಜೆಗೆ ಅಲ್ಲಿಗೆ ಹೋಗುತ್ತಿದ್ದೆ. ಭಾವನವರದು ಬೆಲ್ಲ, ಬೇಳೆ, ಸೀಮೆಎಣ್ಣೆ, ಅರಿವೆ ಎಲ್ಲ ಮಾರುವ ದುಕಾನು. ಸುತ್ತಲಿನ ಏಳೆಂಟು ಹಳ್ಳಿಯ ರೈತರು ಅಲ್ಲಿಯೇ ಉದ್ರಿ ಒಯ್ದು, ಸುಗ್ಗಿಯಲ್ಲಿ ತೀರಿಸುವ ರೂಢಿ ಇತ್ತು. ದುಕಾನಿನ ಹಿಂದೆ ಮನೆ, ಮನೆಯ ಹಿಂದೆ ಇಳಿಜಾರು, ಅದರ ಕೆಳಗೆ ನದಿ.

ಆ ಊರು ಈಗ ಇಲ್ಲ. ಉಜನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದೆ. ಮಾಢಾ ತಾಲೂಕಿನ ಉಜನಿಯಲ್ಲಿ ಭೀಮೆಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟೆಯ ಕೆಲಸ 1960ರ ದಶಕದಲ್ಲಿ ಆರಂಭವಾಗಿ 1980ರಲ್ಲಿ ಮುಗಿಯಿತು. ಜಲಾಶಯಕ್ಕೆ ಯಶವಂತ ಸಾಗರವೆಂದು ಹೆಸರಿಟ್ಟರು. ಅದರ ಒಟ್ಟು ಸಂಗ್ರಹ ಸುಮಾರು 117 ಟಿ.ಎಂ.ಸಿ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಾಲುವೆಗೆ ಹರಿಯದೆ ತಳದಲ್ಲಿಯೇ ನಿಲ್ಲುವ ನೀರು. ಆ ಮಟ್ಟಕ್ಕಿಂತ ಕೆಳಗೆ ಇಳಿದಾಗ ನಮ್ಮ ಸೋಲಾಪುರದ ಪತ್ರಿಕೆಗಳಲ್ಲಿ "ಉಜನಿ ಮೈನಸ್ ಇಷ್ಟು" ಎಂದು ಬರುತ್ತದೆ. ಪರ ಊರಿನವರಿಗೆ ಈ ಮೈನಸ್ ತಿಳಿಯುವುದಿಲ್ಲ. ನಮ್ಮೂರಲ್ಲಿ ಸಣ್ಣ ಮಕ್ಕಳಿಗೂ ತಿಳಿಯುತ್ತದೆ, ಏಕೆಂದರೆ ನಮ್ಮ ನಲ್ಲಿಗೆ ಬರುವುದು ಆ ನೀರೇ. 2024ರ ಬೇಸಿಗೆಯಲ್ಲಿ ಅದು ಮೈನಸ್ 50ಕ್ಕೂ ಕೆಳಗೆ ಹೋಗಿತ್ತು.

ಈ ನೀರಿನಿಂದ ನಮಗಾದ ಉಪಕಾರವನ್ನು ಮರೆಯುವಂತಿಲ್ಲ. ಕಬ್ಬು ಬಂತು, ಸಕ್ಕರೆ ಕಾರ್ಖಾನೆಗಳು ಬಂದವು, ಮಾರ್ಕೆಟ್ ಯಾರ್ಡಿನಲ್ಲಿ ವ್ಯಾಪಾರ ಬೆಳೆಯಿತು. ಅದೇ ವ್ಯಾಪಾರದಿಂದ ನನ್ನ ಮನೆಯೂ ನಡೆದಿದೆ. ಆದರೆ ನಾವು ಕುಡಿಯುವ ನೀರಿನ ಕೆಳಗೆ ನನ್ನ ಅಕ್ಕನ ಅಡಿಗೆಮನೆ ಇದೆ ಎಂಬುದೂ ಅಷ್ಟೇ ಖರೆ. ಊರು ಬಿಡುವಾಗ ಭಾವನವರು ಎರಡು ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದು, ಸೋಲಾಪುರದಲ್ಲಿ ಹೊಸದಾಗಿ ದುಕಾನು ತೆಗೆದರು. 2011ರಲ್ಲಿ ತೀರಿಕೊಂಡರು. ಅಕ್ಕನಿಗೆ ಈಗ 78 ವರ್ಷ. ಊರು ಬಿಟ್ಟ ಮೇಲೆ ಆಕೆ ಒಮ್ಮೆಯೂ ಆ ಕಡೆಗೆ ಹೋಗಿಲ್ಲ. ಪುಣೆಯ ಹೆದ್ದಾರಿಯಲ್ಲಿ ಎಷ್ಟೋ ಸಲ ಹಾದುಹೋಗಿದ್ದಾಳೆ. ಇಂದಾಪುರ ಬಂದೊಡನೆ ಸೆರಗು ಮುಖಕ್ಕೆ ಎಳೆದುಕೊಂಡು ನಿದ್ದೆ ಬಂದವರ ಹಾಗೆ ಕೂಡುತ್ತಾಳೆ.

ಹೋದ ಪರ್ಯುಷಣದಲ್ಲಿ, ಕ್ಷಮಾವಣಿಯ ದಿನ, ಆಕೆ ತಾನಾಗಿ ಈ ಮಾತು ತೆಗೆದಳು. "ಎಲ್ಲಾರ ಕಡೆ ಕ್ಷಮಾ ಕೇಳೀನಿ, ಎಲ್ಲಾರಿಗೂ ಕೊಟ್ಟೀನಿ. ಒಂದು ಕೆಲಸ ಉಳದದ. ನನ್ನ ಅಲ್ಲಿಗೆ ಒಮ್ಮೆ ಕರಕೊಂಡು ಹೋಗು" ಎಂದಳು. ಆ ಕೆಲಸ ಯಾವುದೆಂದು ಆಮೇಲೆ ಹೇಳುತ್ತೇನೆ.

ಅದೇ ವೇಳೆಗೆ ಅಮೇರಿಕೆಯಲ್ಲಿರುವ ನನ್ನ ಹಿರಿಯ ಮಗನ ಫೋನು ಬಂತು. ಡಿಸೆಂಬರ್ ರಜೆಗೆ ಮಕ್ಕಳನ್ನು ಕರೆದುಕೊಂಡು ಬರುವವನಿದ್ದಾನೆ. ಮೊಮ್ಮಗನಿಗೆ ಹನ್ನೆರಡು, ಮೊಮ್ಮಗಳಿಗೆ ಎಂಟು. ಅಲ್ಲಿ ಬೇಸಿಗೆಯಲ್ಲಿ ಜನ 'ಆರ್‌ವಿ' ಎಂಬ ದೊಡ್ಡ ಮನೆಗಾಡಿ ಬಾಡಿಗೆಗೆ ಹಿಡಿದು ಕೆರೆಗಳ ದಂಡೆಗೆ ಹೋಗಿ ಇಳಿಯುತ್ತಾರಂತೆ. ನಿಲ್ಲುವ ಜಾಗದಲ್ಲಿ ವಿದ್ಯುತ್ತಿನ ಜೋಡಣೆ, ನೀರಿನ ನಲ್ಲಿ, ಹೊಲಸು ನೀರು ಬಿಡುವ ಕೊಳವೆ ಎಲ್ಲ ಸಿದ್ಧವಿರುತ್ತದೆ. ಹುಡುಗರಿಗೆ ಗಾಳ ಕೊಟ್ಟು ದಂಡೆಯಲ್ಲಿ ಕೂಡಿಸುತ್ತಾರೆ. ಮೊಮ್ಮಗನ ಗೆಳೆಯರೆಲ್ಲ ಹೀಗೆ ಹೋಗಿಬಂದವರು. ಅವನಿಗೂ ಆಸೆ. "ಅಜ್ಜಾ, ಸೋಲಾಪುರದ ಹತ್ತಿರ ಮೀನಿನ ಕೆರೆ ಅದ ಏನು?" ಎಂದು ಕೇಳಿದ. ಅಕ್ಕನ ಊರು ಮುಳುಗಿದ ನೀರೇ ಇಡೀ ಮಹಾರಾಷ್ಟ್ರದಲ್ಲಿ ಮೀನಿಗೆ ಹೆಸರಾಗಿದೆ. ಭಿಗವಣದ ಮೀನಿನ ಮಾರುಕಟ್ಟೆಯನ್ನು ಅರಿಯದವರಿಲ್ಲ. ಹೀಗೆ ಎರಡು ಬೇಡಿಕೆ ಒಂದೇ ಜಾಗಕ್ಕೆ ಬಂದು ನಿಂತವು.

ಇನ್ನು ಗಾಡಿಯ ವಿಚಾರ. ಅಕ್ಕನಿಗೆ ರಾತ್ರಿಭೋಜನದ ತ್ಯಾಗವಿದೆ, ಹೊಟೇಲಿನ ಆಹಾರದ ತ್ಯಾಗವಿದೆ, ಗಾಳಿಸದ ನೀರಿನ ತ್ಯಾಗವಿದೆ. ಮೊಣಕಾಲಿನ ನೋವಿನಿಂದ ಕೆಳಗೆ ಕುಕ್ಕರಿಸಿ ಕೂಡಲಾಗದು. ಭಿಗವಣದ ಕಡೆಯ ಖಾನಾವಳಿಗಳು ಮೀನಿನ ಊಟಕ್ಕೇ ಪ್ರಸಿದ್ಧವಾದವು. ಅಲ್ಲಿ ಆಕೆಗೆ ಒಂದು ಲೋಟ ನೀರು ಕುಡಿಯುವುದೂ ಸಾಧ್ಯವಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರೋಣವೆಂದರೆ ಸೋಲಾಪುರದಿಂದ ಹೋಗುವುದಕ್ಕೆ ಸುಮಾರು 150, ಬರುವುದಕ್ಕೆ 150 ಕಿಲೋಮೀಟರು. ಆ ವಯಸ್ಸಿಗೆ ಅದು ಶಿಕ್ಷೆ. ಇದನ್ನೆಲ್ಲ ಕೂಡಿಸಿ ಕಳೆದು ನೋಡಿದಾಗ, ಅಮೇರಿಕೆಯವರು ಮೋಜಿಗೆ ಮಾಡಿಕೊಂಡ ಗಾಡಿ ವ್ರತಧಾರಿಗಳಾದ ನಮ್ಮ ಹಿರಿಯರಿಗೆ ಹೇಳಿ ಮಾಡಿಸಿದಂತಿದೆ ಎಂದು ನನಗೆ ಹೊಳೆಯಿತು. ಸ್ವಂತ ಒಲೆ, ಸ್ವಂತ ಪಾತ್ರೆ, ಸ್ವಂತ ಶೌಚಾಲಯ, ಮೇಲೆ ಕೂಡುವ ಆಸನ. ಧರ್ಮಶಾಲೆಯೇ ಗಾಲಿ ಕಟ್ಟಿಕೊಂಡು ಬಂದ ಹಾಗೆ.

ಮಹಾರಾಷ್ಟ್ರ ಸರಕಾರ 2021ರಲ್ಲಿ ಈ ತರಹದ ಗಾಡಿಗಳ ಪ್ರವಾಸಕ್ಕೆಂದು ಒಂದು ಧೋರಣೆಯನ್ನು ಹೊರಡಿಸಿದೆ. ಅಲ್ಲಿ ಇವಕ್ಕೆ ಕ್ಯಾರವ್ಯಾನ್ ಎನ್ನುತ್ತಾರೆ. ಪುಣೆ, ಮುಂಬಯಿಯಲ್ಲಿ ಬಾಡಿಗೆಗೆ ಕೊಡುವವರಿದ್ದಾರೆ. ನಾನು ಮೂರು ಕಡೆ ಫೋನು ಹಚ್ಚಿ ದರ ಕೇಳಿದೆ. ವ್ಯಾಪಾರಸ್ಥರಾದ ತಮಗೆ ಹೇಳುವುದು ಏನೆಂದರೆ, ದಿನದ ಬಾಡಿಗೆ ಕೇಳಿ ಸಮಾಧಾನಪಡಬೇಡಿರಿ. ಐದು ಪ್ರಶ್ನೆ ಕೇಳಿರಿ: ದಿನಕ್ಕೆ ಎಷ್ಟು ಕಿಲೋಮೀಟರು ಸೇರಿದೆ, ಹೆಚ್ಚಿಗೆ ಆದರೆ ದರವೇನು? ಗಾಡಿ ಅವರ ಊರಿನಿಂದ ಬರುವ ಖಾಲಿ ಫೇರಿ ಯಾರ ಲೆಕ್ಕಕ್ಕೆ? ಡ್ರೈವರನ ಊಟ, ಮಲಗುವುದು ಎಲ್ಲಿ? ಇಂಧನ, ಟೋಲು ಒಳಗೋ ಹೊರಗೋ? ಅನಾಮತ್ತು ಎಷ್ಟು, ಎಂದು ತಿರುಗಿ ಕೊಡುತ್ತಾರೆ? ಒಬ್ಬರ ಬಾಡಿಗೆ ಎಲ್ಲರಿಗಿಂತ ಕಡಿಮೆ ಇತ್ತು. ಖಾಲಿ ಫೇರಿ ಸೇರಿಸಿದಾಗ ಎಲ್ಲರಿಗಿಂತ ಹೆಚ್ಚಾಯಿತು. ಭಿಗವಣ ಪುಣೆಗೆ ನೂರು ಕಿಲೋಮೀಟರಿನ ಆಸುಪಾಸು. ಗಾಡಿ ಅಲ್ಲಿಗೇ ನೇರವಾಗಿ ಬಂದರೆ ಬಹಳ ಉಳಿತಾಯ. ಆದರೆ ಮಲಗಿಕೊಂಡು ಪ್ರಯಾಣ ಮಾಡಬೇಕಾದವಳು ಅಕ್ಕನೇ. ಆದ್ದರಿಂದ ಗಾಡಿ ಸೋಲಾಪುರಕ್ಕೇ ಬರಬೇಕೆಂದು ಗೊತ್ತುಮಾಡಿದೆವು. ಆ ಖರ್ಚು ನನ್ನದು. ಮಗ ಕೊಡುತ್ತೇನೆಂದರೂ ಬೇಡವೆಂದೆ. ತವರುಮನೆಯ ಗಾಡಿಯಲ್ಲಿಯೇ ಆಕೆ ಹೋಗಬೇಕು.

ಗಾಡಿಯಲ್ಲಿ ನಾಲ್ವರಿಗೆ ಮಲಗಲು ಜಾಗವಿದೆ. ನಾವು ಎಂಟು ಜನ. ಅಕ್ಕ, ನನ್ನ ಹೆಂಡತಿ ಮತ್ತು ಇಬ್ಬರು ಮಕ್ಕಳು ಗಾಡಿಯಲ್ಲಿ; ಉಳಿದವರು ನಮ್ಮ ಕಾರಿನಲ್ಲಿ ಬಂದು, ದಂಡೆಯ ಸಮೀಪದ ತೋಟವೊಂದರ ಕೋಣೆಗಳಲ್ಲಿ. ತೋಟದ ಮಾಲೀಕರು ಗಾಡಿ ನಿಲ್ಲಿಸಲು ಸಮತಟ್ಟಾದ ಜಾಗ, 15 ಆಂಪಿಯರಿನ ಪ್ಲಗ್ಗು ಕೊಡಲು ಒಪ್ಪಿದ್ದಾರೆ. ಶೌಚದ ನೀರನ್ನು ಜಲಾಶಯದ ಕಡೆಗೆ ಬಿಡದೆ ತಮ್ಮ ಗುಂಡಿಗೇ ಬಿಡಬೇಕೆಂದು ಅವರಾಗಿಯೇ ಕರಾರು ಹಾಕಿದರು. ಕೇಳಿ ಸಂತೋಷವಾಯಿತು.

ನೀರಿನ ಪ್ರಶ್ನೆ ಎಲ್ಲಕ್ಕಿಂತ ತೊಡಕಿನದಾಗಿತ್ತು. ಗಾಡಿಯ ಟಾಕಿಗೆ ರಬ್ಬರಿನ ನಳಿಗೆಯಿಂದ ನೀರು ತುಂಬುತ್ತಾರೆ. ಅದನ್ನು ಗಾಳಿಸಿದ ನೀರೆಂದು ಹೇಗೆ ಎಣಿಸುವುದು? ಗಾಳಿಸಿದ ನೀರಿನ ಮರ್ಯಾದೆ 48 ಮಿನಿಟು, ಕುದಿಸಿದ ನೀರಿನದು 24 ತಾಸು ಎಂಬುದು ತಮಗೆಲ್ಲ ಗೊತ್ತಿದ್ದದ್ದೇ. ಅಕ್ಕನೇ ದಾರಿ ತೋರಿಸಿದಳು: ಟಾಕಿಯ ನೀರು ಕೈಕಾಲು ತೊಳೆಯಲು ಮಾತ್ರ, ಅದರ ತೋಟಿಗೂ ದಟ್ಟವಾದ ಅರಿವೆ ಕಟ್ಟಬೇಕು. ಕುಡಿಯುವುದಕ್ಕೆ, ಅಡಿಗೆಗೆ ತೋಟದ ಬಾವಿಯ ನೀರನ್ನು ಸೇದಿ, ಇಮ್ಮಡಿ ಅರಿವೆಯಲ್ಲಿ ಗಾಳಿಸಿ, ಅರಿವೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಿ, ಆಮೇಲೆ ಕುದಿಸುವುದು. ದಿನಕ್ಕೆ ಒಮ್ಮೆ ಈ ಕೆಲಸ. ಅದನ್ನು ಮೊಮ್ಮಕ್ಕಳ ಕೈಯಿಂದಲೇ ಮಾಡಿಸುವುದಾಗಿ ಹೇಳಿದ್ದಾಳೆ. ಅಮೇರಿಕೆಯ ಮಕ್ಕಳಿಗೆ ಪಾಠಶಾಲೆಯಲ್ಲಿ ಹೇಳಿಕೊಟ್ಟದ್ದಕ್ಕಿಂತ ಇದು ಹೆಚ್ಚು ನೆನಪಿನಲ್ಲಿ ಉಳಿದೀತು.

ಹೊತ್ತಿನ ಲೆಕ್ಕವೂ ಇದೆ. ಡಿಸೆಂಬರ್ ಕೊನೆಗೆ ನಮ್ಮ ಕಡೆ ಸಂಜೆ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ, ಬೆಳಿಗ್ಗೆ ಏಳರ ಸುಮಾರಿಗೆ ಹುಟ್ಟುತ್ತದೆ. ಆದ್ದರಿಂದ ಐದೂಕಾಲಿನೊಳಗೆ ಊಟ ಮುಗಿಯಬೇಕು. ಹಕ್ಕಿ ನೋಡುವ ದೋಣಿಗಳು ನಸುಕಿನಲ್ಲಿಯೇ ಹೊರಡುತ್ತವೆ. ಮಕ್ಕಳು ಬರೀ ಹೊಟ್ಟೆಯಲ್ಲಿ ಹೋಗಿ ಬಂದು ಎಂಟು ಗಂಟೆಗೆ ತಿಂಡಿ ತಿನ್ನಬೇಕು. ಮೊಮ್ಮಗಳು ತಕರಾರು ಮಾಡಿದಳು. ಹಕ್ಕಿಗಳೂ ಬೆಳಕಾದ ಮೇಲೆಯೇ ತಿನ್ನುತ್ತವೆಂದು ಅಕ್ಕ ಫೋನಿನಲ್ಲಿಯೇ ಒಪ್ಪಿಸಿದಳು. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೆಂತೆ ಹಿಟ್ಟು, ಹುರಿದ ಅವಲಕ್ಕಿ ಮನೆಯಿಂದ. ಬೇಳೆ, ಅನ್ನ ಅಲ್ಲಿಯೇ ಬಿಸಿಯಾಗಿ.

ಯಾವ ಋತುವಿನಲ್ಲಿ ಹೋಗಬೇಕೆಂಬುದರ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಜಲಾಶಯದ ನೀರು ಇಳಿದ ಬೇಸಿಗೆಗಳಲ್ಲಿ ಪಳಸದೇವದ ಹಳೆಯ ಪಳಸನಾಥ ದೇವಾಲಯ ಮೇಲೆ ಬರುತ್ತದೆ. ಕಲ್ಲಿನಲ್ಲಿ ಕಟ್ಟಿದ ಹೇಮಾಡಪಂಥಿ ಗುಡಿ. ವರ್ಷದ ಬಹುಭಾಗ ನೀರಿನಲ್ಲಿದ್ದರೂ ಇನ್ನೂ ನಿಂತಿದೆ. 2024ರಲ್ಲಿ ಅದು ಪೂರ್ತಿ ತೆರೆದುಕೊಂಡು ಜನ ಒಳಗೆ ನಡೆದುಹೋಗಿ ನೋಡಿದರು. ಅದರ ಶಿಖರವೇ ಅಕ್ಕನಿಗೆ ಗುರುತು. ಅಲ್ಲಿಂದ ತನ್ನ ಮನೆ ಯಾವ ದಿಕ್ಕಿಗೆ, ಎಷ್ಟು ದೂರವೆಂದು ಕಣ್ಣು ಮುಚ್ಚಿ ಹೇಳಬಲ್ಲಳು. ಹಾಗಿದ್ದರೆ ಮೇ ತಿಂಗಳಲ್ಲಿ ಹೋಗಬೇಕು. ಆದರೆ ಮಕ್ಕಳು ಬರುವುದು ಡಿಸೆಂಬರದಲ್ಲಿ. ಆಗ ನೀರು ತುಂಬಿರುತ್ತದೆ, ಗುಡಿ ಕಾಣುವುದಿಲ್ಲ. ನೀರು ಬಹಳ ತುಂಬಿದ ವರ್ಷ ರಾಜಹಂಸಗಳೂ ತಡವಾಗಿ ಬರುತ್ತವೆ. ಅವಕ್ಕೆ ಕೊಕ್ಕನ್ನು ತಲೆಕೆಳಗಾಗಿ ಅದ್ದಿ ಸೋಸಿ ತಿನ್ನಲು ಮೊಣಕಾಲುದ್ದದ ಕೆಸರು ನೀರು ಬೇಕು. ಆದರೂ ಪಟ್ಟೆತಲೆಯ ಹೆಬ್ಬಾತು, ಬಣ್ಣದ ಕೊಕ್ಕರೆ, ಬೂದು ಬಕ, ಕಡಲಕ್ಕಿಗಳು ಸಾಕಷ್ಟು ಸಿಗುತ್ತವೆ. ಪಟ್ಟೆತಲೆಯ ಹೆಬ್ಬಾತು ಹಿಮಾಲಯವನ್ನು ದಾಟಿ ಬರುವ ಹಕ್ಕಿ ಎಂದು ಹೇಳಿದಾಗ ಮೊಮ್ಮಗ ಮೊದಲ ಸಲ ಮೀನಿನ ಮಾತು ಬಿಟ್ಟು ಬೇರೆ ಪ್ರಶ್ನೆ ಕೇಳಿದ.

ಅಕ್ಕನೇ ತೀರ್ಪು ಕೊಟ್ಟಳು. "ಗುಡಿ ಕಾಣದಿದ್ದರ ಏನಾತು? ನೀರಿನ ಕೆಳಗ ಅದ ಅಂತ ನನಗ ಗೊತ್ತದ. ಹುಡುಗರು ಇದ್ದಾಗ ಹೋಗೋಣ. ನಾನು ಒಬ್ಬಾಕಿ ನೋಡಿ ಏನು ಮಾಡಲಿ?" ಎಂದಳು. ದಿನ ಗೊತ್ತಾಯಿತು. ಬೇಸಿಗೆಯನ್ನು ಬಿಡಲು ನನಗೆ ಇನ್ನೊಂದು ಕಾರಣವೂ ಇತ್ತು. 2024ರ ಮೇ 21ರ ಸಂಜೆ ಇದೇ ಜಲಾಶಯದಲ್ಲಿ ಕುಗಾಂವ ಮತ್ತು ಕಳಾಶಿಯ ನಡುವೆ ಬಿರುಗಾಳಿಗೆ ದೋಣಿ ಮಗುಚಿ ಆರು ಜನ ತೀರಿಕೊಂಡರು. ಚಳಿಗಾಲದ ಬೆಳಗು ಶಾಂತವಾಗಿರುತ್ತದೆ. ಆದರೂ ಎಲ್ಲರಿಗೂ ತೇಲು ಜಾಕೀಟು ಇಲ್ಲದೆ ದೋಣಿ ಹತ್ತುವುದಿಲ್ಲವೆಂದು ಅಂಬಿಗರಿಗೆ ಮೊದಲೇ ಹೇಳಿಟ್ಟಿದ್ದೇವೆ. ಮಕ್ಕಳ ಅಳತೆಯವು ಅಲ್ಲಿ ಸಿಗದಿದ್ದರೆ ಎಂದು ಮಗ ಅಲ್ಲಿಂದಲೇ ಎರಡು ತರುತ್ತಿದ್ದಾನೆ.

ಗಾಳದ ಪ್ರಶ್ನೆ ಉಳಿಯಿತು. ಮೊಮ್ಮಗನಿಗೆ ಬೇಡವೆಂದು ಗದರಿಸಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಅವನು ಬುದ್ಧಿವಂತ. "ಅಜ್ಜಾ, ನಾವು ತಿನ್ನೂದಿಲ್ಲ. ಹಿಡಿದು ಮತ್ತೆ ನೀರಿಗೆ ಬಿಡತೀವಿ. ಅಮೇರಿಕಾದಾಗ ಬಹಳ ಮಂದಿ ಹಂಗs ಮಾಡತಾರ. ಅದರಾಗ ಹಿಂಸಾ ಎಲ್ಲಿ?" ಎಂದು ಕೇಳಿದ. ನಾನು ಶಾಸ್ತ್ರ ಹೇಳಲಿಲ್ಲ. "ಕೊಕ್ಕೆ ಮೀನಿಗೆ ಎಲ್ಲಿ ಚುಚ್ಚತದ?" ಎಂದು ಕೇಳಿದೆ. "ಬಾಯಾಗ" ಎಂದ. "ಯಾಕ ಬಾಯಿ ತೆಗೀತದ?" "ತಿನ್ನಲಿಕ್ಕೆ." "ಹಸಿದು ಬಂದವರಿಗೆ ಊಟ ತೋರಿಸಿ ಚುಚ್ಚಿ, ಆಮೇಲೆ ಹೋಗು ಅಂದರ, ಅದು ಆಟ ಆಗತದೇನು?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದರ ಅಲ್ಲಿ ಬಲೆ ಹಾಕುವವರು ಕೆಟ್ಟವರೇನು?" ಎಂದು ಮತ್ತೆ ಕೇಳಿದ.

ಈ ಪ್ರಶ್ನೆಗೆ ಉತ್ತರ ಕೊಟ್ಟವಳು ಅಕ್ಕ. ಉಜನಿಯಲ್ಲಿ ಬಲೆ ಬೀಸುವವರಲ್ಲಿ ಎಷ್ಟೋ ಜನ ಹೊಲ ಮುಳುಗಿದವರ ಮಕ್ಕಳು. ಜೋಳ ಬೆಳೆಯುತ್ತಿದ್ದವರ ಹೊಲದ ಮೇಲೆ ನೀರು ಬಂತು, ಆ ನೀರಿನಲ್ಲಿ ಚಿಲಾಪಿ ಮೀನು ಬಂತು, ಹೊಟ್ಟೆಪಾಡಿಗೆ ಅದನ್ನೇ ಹಿಡಿದರು. "ಅವರು ಹಸಿವಿಗೆ ಮಾಡತಾರ. ನಮಗ ಹಸಿವಿಲ್ಲ. ಅವರನ್ನ ಕೆಟ್ಟವರು ಅನ್ನಬ್ಯಾಡ, ನೀನೂ ಮಾಡಬ್ಯಾಡ" ಎಂದಳು. ಈಗ ಅವರಲ್ಲಿ ಹಲವರು ಚಳಿಗಾಲದಲ್ಲಿ ಬಲೆ ಬದಿಗಿಟ್ಟು ಅದೇ ದೋಣಿಯಲ್ಲಿ ಪ್ರವಾಸಿಗಳಿಗೆ ಹಕ್ಕಿ ತೋರಿಸುತ್ತಾರೆ. ಆ ದೋಣಿಗೆ ನಾವು ಕೊಡುವ ಬಾಡಿಗೆಯೇ ಅವರಿಗೆ ಒಂದು ದಿನದ ಬಲೆಯ ಬದಲು. ಚೌಕಾಸಿ ಮಾಡದೆ ಕೊಡಬೇಕೆಂದು ಮನೆಯವರಿಗೆಲ್ಲ ಹೇಳಿದ್ದೇನೆ. ಹುಟ್ಟಾ ವ್ಯಾಪಾರಸ್ಥರಿಗೆ ಇದು ಸುಲಭವಲ್ಲ. ಗಾಳದ ಬದಲಿಗೆ ಮೊಮ್ಮಗನಿಗೆ ಒಂದು ದುರ್ಬೀನು ಕೊಂಡಿದ್ದೇನೆ. ಅವನು ಪೂರ್ತಿ ಒಪ್ಪಿದ್ದಾನೆಂದು ಹೇಳಲಾರೆ. ಒಂದು ವಹಿಯಲ್ಲಿ ಕಂಡ ಹಕ್ಕಿಗಳ ಹೆಸರು, ಸಂಖ್ಯೆ, ವೇಳೆ ಬರೆಯುವುದಾಗಿ ಮಾತು ಕೊಟ್ಟಿದ್ದಾನೆ.

ಇನ್ನು ಅಕ್ಕನ ಆ ಉಳಿದ ಕೆಲಸ. ಭಾವನವರು ಊರು ಬಿಟ್ಟಾಗ ಉದ್ರಿಯ ವಹಿಯನ್ನು ಜೊತೆಗೆ ತಂದಿದ್ದರು. ಕೆಂಪು ಅರಿವೆಯ ರಟ್ಟಿನ ಉದ್ದನೆಯ ವಹಿ. ಅದರಲ್ಲಿ ಆಗಿನ ನಾಲ್ಕು ಸಾವಿರದ ಚಿಲ್ಲರೆ ರೂಪಾಯಿ ಬರಬೇಕಾದದ್ದು ಉಳಿದಿದೆ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಊರವರೆಲ್ಲ ದಿಕ್ಕುಪಾಲಾದರು. ಹೊಲ ಕಳೆದುಕೊಂಡವರ ಬೆನ್ನು ಹತ್ತಿ ವಸೂಲಿ ಮಾಡಲು ಭಾವನವರಿಗೆ ಮನಸ್ಸಾಗಲಿಲ್ಲ. ಬಿಟ್ಟೆನೆಂದು ಬರೆಯಲೂ ಕೈ ಬರಲಿಲ್ಲ. ದೀಪಾವಳಿಗೆ ಹೊಸ ವಹಿಯ ಪೂಜೆ ಮಾಡುವಾಗಲೆಲ್ಲ ಈ ಹಳೆಯದನ್ನೂ ಒಮ್ಮೆ ಹೊರಗೆ ತೆಗೆದು ಒರೆಸಿ ಇಡುತ್ತಿದ್ದರು. ಅವರು ಹೋದ ಮೇಲೆ ಅಕ್ಕ ಅದನ್ನು ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ತೆರೆದ ಖಾತೆ ಎಂದರೇನೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ. ಕೊಡಬೇಕಾದವನನ್ನೂ ಕಟ್ಟುತ್ತದೆ, ಬರಬೇಕಾದವನನ್ನೂ ಕಟ್ಟುತ್ತದೆ. ಪರಿಗ್ರಹ ಬರೀ ಬಂಗಾರದಲ್ಲಿ ಇರುವುದಿಲ್ಲ, ಬರದ ಬಾಕಿಯಲ್ಲಿಯೂ ಇರುತ್ತದೆ.

ಅಕ್ಕನ ಇಚ್ಛೆ ಇಷ್ಟೇ: ದೋಣಿಯನ್ನು ಊರು ಇದ್ದ ಜಾಗದ ಮೇಲೆ ಒಂದು ಗಳಿಗೆ ನಿಲ್ಲಿಸಬೇಕು. ಅಲ್ಲಿ ಕುಳಿತು ಪ್ರತಿಯೊಂದು ಹೆಸರಿನ ಮುಂದೆ ತನ್ನ ಕೈಯಾರೆ "ಚುಕ್ತಾ" ಎಂದು ಬರೆಯಬೇಕು. ನನ್ನ ಕಿರಿಯ ಮಗ, ಮನೆಯಲ್ಲಿಯೇ ಕುಳಿತು ಬರೆದರೆ ಆಗದೇ ಎಂದ. ಉದ್ರಿ ಕೊಟ್ಟ ಜಾಗದಲ್ಲಿಯೇ ಬಿಡಬೇಕೆಂಬುದು ಆಕೆಯ ಮಾತು. ನಾನು ಬೇರೊಂದು ಸೂಚನೆ ಮಾಡಿದೆ: ಮೇಲೆ ಹೊಸದಾಗಿ ನೆಲೆಸಿದ ಊರಿಗೆ ಹೋಗಿ ಆ ಮನೆಗಳವರನ್ನು ಕಂಡು, ನಿಮ್ಮ ಹಿರಿಯರ ಋಣ ತೀರಿತೆಂದು ಹೇಳಿಬರೋಣವೇ? ಅಕ್ಕ ತಲೆಯಾಡಿಸಿದಳು. "ಅವರಿಗೆ ನೆನಪs ಇಲ್ಲ. ಹೇಳಿದರ ನಾಚಿಕೊಂಡಾರು, ಇಲ್ಲಾ ರೊಕ್ಕ ತಂದು ಕೊಟ್ಟಾರು. ನಾವು ಬಿಟ್ಟದ್ದು ನಮ್ಮ ಸಲುವಾಗಿ. ಅವರಿಗೆ ಯಾಕ ಭಾರ?" ಐವತ್ತು ವರ್ಷ ಗಲ್ಲೆಯ ಮೇಲೆ ಕುಳಿತ ನನಗೆ ಈ ವಿಚಾರ ಹೊಳೆದಿರಲಿಲ್ಲ. ವಹಿಯನ್ನು ನೀರಿಗೆ ಬಿಡುವುದಿಲ್ಲ. ಜಲಚರಗಳಿಗೆ ಕೇಡು, ಕುಡಿಯುವ ನೀರೂ ಹೌದು. ತಿರುಗಿ ಮನೆಗೆ ತಂದು ಮೊಮ್ಮಗನಿಗೆ ಕೊಡುವವಳಿದ್ದಾಳೆ. ಮುಂದಿನ ಖಾಲಿ ಹಾಳೆಗಳಲ್ಲಿ ಅವನು ಹಕ್ಕಿಗಳ ಲೆಕ್ಕ ಬರೆಯಲಿ ಎಂದಿದ್ದಾಳೆ.

ಗಾಡಿಗೆ ಮುಂಗಡ ಕೊಟ್ಟಾಗಿದೆ. ಅಕ್ಕನ ಔಷಧಿಗಳ ಯಾದಿ, ಡಾಕ್ಟರರ ಚೀಟಿ, ಟಾರ್ಚು, ಗಾಳಿಸುವ ಅರಿವೆಗಳು ನಾಲ್ಕು, ಎರಡು ಹಿತ್ತಾಳೆಯ ಕೊಡ, ಚಳಿಗೆ ಸೋಲಾಪುರಿ ಚಾದರಗಳು ಎಂಟು, ಜಪಮಾಲೆ, ಮತ್ತು ಬರೆಯಲು ಶಾಯಿಯ ಪೆನ್ನು ಎರಡು. ಒಂದು ಬರೆಯದಿದ್ದರೆ ಇನ್ನೊಂದು. ತಮ್ಮಲ್ಲಿ ಯಾರಾದರೂ ಭಿಗವಣ, ಕುಂಭಾರಗಾಂವದ ಕಡೆಗೆ ಹಿರಿಯರನ್ನು ಕರೆದೊಯ್ದಿದ್ದರೆ, ಮೊಣಕಾಲು ನೋವಿದ್ದವರನ್ನು ದೋಣಿಗೆ ಹತ್ತಿಸಲು ಯಾವ ದಂಡೆ ಅನುಕೂಲವೆಂದು ಈ ಮಾಸಿಕದ ವಿಳಾಸಕ್ಕೆ ಬರೆದು ತಿಳಿಸಿದರೆ ಉಪಕಾರವಾದೀತು. ನಮ್ಮ ಮನೆತನಗಳಲ್ಲಿ ನೀರಿನಲ್ಲಿ ಮುಳುಗಿದ ಊರಿನಿಂದ ಬಂದವರು ಅಕ್ಕ ಒಬ್ಬಳೇ ಇರಲಿಕ್ಕಿಲ್ಲ. ಅಂಥ ಹಿರಿಯರು ಮನೆಯಲ್ಲಿದ್ದರೆ, ಅವರಿಗೆ ಅಲ್ಲಿ ಏನಾದರೂ ಕೆಲಸ ಉಳಿದಿದೆಯೇ ಎಂದು ಒಮ್ಮೆ ಕೇಳಿ ನೋಡಿರಿ.